ಒಂದೇ ಗಣಕಯಂತ್ರ, ಬೇರೆ ಬೇರೆ ಕುರ್ಚಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಶಿಕ್ಷಣ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



"ಕಚೇರಿ ಕೆಲಸದಲ್ಲಿ ಗಣಕಯಂತ್ರ" ಎಂಬ ವಿಷಯದ ಮೇಲೆ ನಾಲ್ಕು ಮಾತಾಡಬೇಕು ಅಂತ ನಿಮ್ಮ ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಗಣಕಯಂತ್ರ ಅಂದರೇನು, ಅದರ ಹೊಟ್ಟೆಯೊಳಗೆ ಏನೇನಿದೆ ಎಂಬುದನ್ನು ನಾನು ಹೇಳಲು ಹೋಗುವುದಿಲ್ಲ. ಅದನ್ನು ನಿಮ್ಮ ಮನೆಯ ಮೊಮ್ಮಕ್ಕಳೇ ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ಸೇರಿ, ಆಮೇಲೆ ಲೆಕ್ಕಿಗನಾಗಿ, ಕಡೆಗೆ ಸಂಘಗಳ ಮೇಲ್ವಿಚಾರಕನಾಗಿ ನಿವೃತ್ತನಾದವನು. ಕುರ್ಚಿ ಬದಲಾದಾಗಲೆಲ್ಲ ಅದೇ ಯಂತ್ರ ನನಗೆ ಬೇರೆಯಾಗಿಯೇ ಕಂಡಿತು. ಗುಮಾಸ್ತನ ಕಣ್ಣಿಗೆ ಅದು ಬರೆಯುವ ಪುಸ್ತಕ, ಖಜಾಂಚಿಗೆ ಪೆಟ್ಟಿಗೆಯ ಕಾವಲು, ಕಾರ್ಯದರ್ಶಿಗೆ ಮೊಹರು, ಲೆಕ್ಕ ಪರಿಶೋಧಕರಿಗೆ ಸಾಕ್ಷಿ. ಸದಸ್ಯನಿಗೆ ಏನು? ಹೆಚ್ಚಿನ ಕಡೆ ಸದಸ್ಯನಿಗೆ ಕಾಣುವುದು ಆ ಯಂತ್ರದ ಬೆನ್ನು ಮಾತ್ರ. ಇವತ್ತು ನಾನು ಮಾತಾಡಬೇಕೆಂದಿರುವುದು ಮುಖ್ಯವಾಗಿ ಆ ಬೆನ್ನಿನ ವಿಚಾರವನ್ನೇ.

ಮೊದಲು ಸ್ವಲ್ಪ ಹಿಂದಿನ ಕಥೆ. ನಮ್ಮ ದೇಶದ ಬ್ಯಾಂಕುಗಳಿಗೆ ಈ ಯಂತ್ರ ಸುಲಭವಾಗಿ ಬರಲಿಲ್ಲ. ಕೆಲಸ ಹೋಗುತ್ತದೆ ಎಂಬ ಭಯ ನೌಕರರಿಗೆ ಇತ್ತು, ಅದು ಅಕಾರಣವಾದ ಭಯವೂ ಅಲ್ಲ. 1983ರಲ್ಲಿ ನೌಕರ ಸಂಘಟನೆಗಳ ಜೊತೆ ಒಪ್ಪಂದವಾದ ಮೇಲೆ, 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂದ ಮೇಲೆ, ಲೆಡ್ಜರ್ ಬರೆಯುವ ಯಂತ್ರಗಳು ದೊಡ್ಡ ಶಾಖೆಗಳಿಗೆ ಒಂದೊಂದಾಗಿ ಬಂದವು. 1986ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಕಂಪನಿಯೊಂದು ಮಾಡಿದ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶವು ಮುಂದೆ ಅಂಗಡಿ, ಮಂಡಿ, ಅಕ್ಕಿ ಗಿರಣಿಗಳ ಲೆಕ್ಕವನ್ನೆಲ್ಲ ಹಿಡಿಯಿತು. ಕಚೇರಿಗಳಲ್ಲಿ ಮೊದಲು ಮುಟ್ಟಿದವರು ಬೆರಳಚ್ಚುಗಾರರು. ಸ್ಟೆನ್ಸಿಲ್ ಕಾಗದ, ಕಾರ್ಬನ್ನು, ತಪ್ಪಾದರೆ ಬಿಳಿ ಶಾಯಿ ಎಂಬ ಗೋಳು ಅವರಿಗೆ ತಪ್ಪಿತು. ಆದರೆ ಅವರಿಗಿದ್ದ ಹುದ್ದೆಯೂ ಮೆಲ್ಲಗೆ ತಪ್ಪಿತು. ಸಾಹೇಬರೇ ತಮ್ಮ ಕಾಗದ ತಾವೇ ಟೈಪು ಮಾಡುವ ಕಾಲ ಬಂತು. ಸಾಹೇಬರು ಎರಡು ಬೆರಳಲ್ಲಿ ಹುಡುಕಿ ಹುಡುಕಿ ಕುಟ್ಟುವುದನ್ನು ನೋಡಿ ಹಳೆಯ ಬೆರಳಚ್ಚುಗಾರರು ನಗುತ್ತಿದ್ದರು, ಅದು ಬೇರೆ ಮಾತು.

ಈಗ ನಮ್ಮ ಸಂಘಗಳಿಗೆ ಬರೋಣ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದಾಗ ಅವರ ಕೈಲಿದ್ದದ್ದು ಕಾಗದ, ಲೇಖಣಿ, ಜನರ ನಂಬಿಕೆ. ಅಲ್ಲಿಂದ ನೂರಕ್ಕೂ ಹೆಚ್ಚು ವರ್ಷ ಸಂಘ ನಡೆದದ್ದು ಕೈಬರಹದ ಮೇಲೆಯೇ. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಗ ಗೊತ್ತುಮಾಡಿದ ವೆಚ್ಚ 2,516 ಕೋಟಿ ರೂಪಾಯಿ, ನಡೆಸುವ ಹೊಣೆ ನಬಾರ್ಡಿನದು. ದೇಶಕ್ಕೆಲ್ಲ ಒಂದೇ ಬಗೆಯ ತಂತ್ರಾಂಶ ಎಂಬುದು ಇದರ ಮುಖ್ಯ ಅಂಶ. ಒಳ್ಳೆಯದೇ. ಆದರೆ ಯಂತ್ರ ಬಂದ ಕೂಡಲೇ ಕೆಲಸ ಹೇಗೆ ಹಂಚಿಹೋಗುತ್ತದೆ ಎಂಬುದನ್ನು ಒಂದೊಂದೇ ಕುರ್ಚಿಯ ಪಕ್ಕ ನಿಂತು ನೋಡಬೇಕು.

ಗುಮಾಸ್ತರ ಕುರ್ಚಿ ನೋಡಿ. ಹಿಂದೆ ನೀವು ಹಣ ಕಟ್ಟಿದರೆ ಮೊದಲು ರಸೀತಿ, ಆಮೇಲೆ ರೋಜು ಕಿರ್ದಿ, ಆಮೇಲೆ ಖಾತಾ ಪುಸ್ತಕ, ಅಂತ ಒಂದೇ ಮೊತ್ತವನ್ನು ಮೂರು ಕಡೆ ಬರೆಯಬೇಕಿತ್ತು. ತಿಂಗಳ ಕೊನೆಗೆ ಮೂರೂ ತಾಳೆಯಾಗದೆ ಹನ್ನೆರಡು ರೂಪಾಯಿಗಾಗಿ ರಾತ್ರಿ ಹತ್ತು ಗಂಟೆಯವರೆಗೆ ಲಾಟೀನು ಹಚ್ಚಿಕೊಂಡು ಕೂತವರನ್ನು ನಾನು ಬಲ್ಲೆ. ಈಗ ಒಂದು ಸಲ ಬರೆದರೆ ಮೂರೂ ಕಡೆ ತಾನೇ ಏರುತ್ತದೆ. ಅನುಕೂಲವೇನೋ ಸರಿ. ಅಪಾಯವೂ ಅಲ್ಲೇ ಇದೆ. ಮೊದಲು ಒಂದು ಕಡೆ ತಪ್ಪು ಬರೆದರೆ ಇನ್ನೆರಡು ಕಡೆ ಅದು ಬಯಲಾಗುತ್ತಿತ್ತು. ಈಗ ತಪ್ಪು ಬರೆದರೆ ಮೂರು ಕಡೆಯೂ ಅದೇ ತಪ್ಪು, ಮೂರೂ ಚೊಕ್ಕಟವಾಗಿ ತಾಳೆಯಾಗುತ್ತದೆ! ಲೆಕ್ಕ ತಾಳೆಯಾಯಿತು ಅಂದಮಾತ್ರಕ್ಕೆ ಲೆಕ್ಕ ಸರಿ ಅಂತ ಅರ್ಥವಲ್ಲ.

ಬಡ್ಡಿಯ ವಿಚಾರವೂ ಹಾಗೆಯೇ. ಹಳೆಯ ಗುಮಾಸ್ತರು ರೆಡಿ ರೆಕನರ್ ಪುಸ್ತಕ ತೆರೆದು ಬೆರಳಿಟ್ಟು ಹುಡುಕುತ್ತಿದ್ದರು. ಈಗ ಗುಂಡಿ ಒತ್ತಿದರೆ ಬರುತ್ತದೆ. ಆದರೂ ಸದಸ್ಯರಿಗೆ ಆ ಲೆಕ್ಕ ಗೊತ್ತಿರಲಿ ಅಂತ ಹೇಳುತ್ತೇನೆ, ಬರೆದುಕೊಳ್ಳಿ. ಅಸಲನ್ನು ದಿನಗಳಿಂದ ಗುಣಿಸಿ, ಬಡ್ಡಿ ದರದಿಂದ ಗುಣಿಸಿ, 36,500ರಿಂದ ಭಾಗಿಸಿ. 50,000 ರೂಪಾಯಿಗೆ ಶೇಕಡಾ 11ರಂತೆ 73 ದಿನಕ್ಕೆ ಎಷ್ಟು? 1,100 ರೂಪಾಯಿ. ಯಂತ್ರ ಬೇರೆ ಏನಾದರೂ ಹೇಳಿದರೆ ಯಾಕೆ ಅಂತ ಕೇಳಿ. ಹೆಚ್ಚಿನ ಸಲ ಯಂತ್ರದ ಗುಣಾಕಾರ ತಪ್ಪಿರುವುದಿಲ್ಲ, ಅದಕ್ಕೆ ಕೊಟ್ಟ ತಾರೀಖು ತಪ್ಪಿರುತ್ತದೆ. ದಿನ ಮೊದಲೋ ತಿಂಗಳು ಮೊದಲೋ ಎಂಬ ಗೊಂದಲದಲ್ಲಿ ಏಪ್ರಿಲ್ 3 ಮಾರ್ಚ್ 4 ಆಗಿಬಿಡುತ್ತದೆ.

ತಾರೀಖು ಒಂದು ಸಣ್ಣ ವಿಷಯ ಅಂತ ತಿಳಿಯಬೇಡಿ. ನಮ್ಮ ರಾಜ್ಯದಲ್ಲಿ ಶೂನ್ಯ ಬಡ್ಡಿಯ ಬೆಳೆ ಸಾಲದ ಮಿತಿಯನ್ನು 2023-24ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಶೂನ್ಯ ಬಡ್ಡಿ ಯಾರಿಗೆ? ವಾಯಿದೆಯೊಳಗೆ ಕಟ್ಟಿದವರಿಗೆ. ಒಂದು ದಿನ ತಡವಾಯಿತು ಅಂತ ಯಂತ್ರ ಹೇಳಿದರೂ ನೀವು ಸುಸ್ತಿದಾರರು. ವಾಯಿದೆಯ ಕಡೇ ದಿನವೇ "ಸರ್ವರ್ ಇಲ್ಲ, ನಾಳೆ ಬನ್ನಿ" ಅಂದರೆ ಏನು ಮಾಡುವುದು? ಬರಿಗೈಲಿ ವಾಪಸು ಹೋಗಬೇಡಿ ಅಂತ ನನ್ನ ಸಲಹೆ. ಆ ದಿನ ಹಣ ತೆಗೆದುಕೊಂಡು, ಕೈಬರಹದ ರಸೀತಿಯಲ್ಲಿ ಅದೇ ತಾರೀಖು ಹಾಕಿ, ಮಾರನೇ ದಿನ ಯಂತ್ರಕ್ಕೆ ಏರಿಸುವಾಗ ಹಣ ಬಂದ ದಿನವನ್ನೇ ಕಾಣಿಸುವ ಕ್ರಮವನ್ನು ಸಂಘ ಇಟ್ಟುಕೊಂಡಿರಬೇಕು. ಇದನ್ನು ಆಡಳಿತ ಮಂಡಳಿ ಠರಾವು ಮಾಡಿ ಬರೆದಿಟ್ಟರೆ ಸಿಬ್ಬಂದಿಗೂ ಧೈರ್ಯ, ಸದಸ್ಯರಿಗೂ ಧೈರ್ಯ.

ಖಜಾಂಚಿಯ ಕೆಲಸ ಹೆಚ್ಚು ಬದಲಾಗಿಲ್ಲ. ನೋಟು ಎಣಿಸುವ ಯಂತ್ರ ಬಂತು ಅಷ್ಟೆ. ಸಂಜೆ ಪೆಟ್ಟಿಗೆಯಲ್ಲಿರುವ ಹಣ, ಪರದೆಯ ಮೇಲಿನ ಶಿಲ್ಕು ಎರಡೂ ಒಂದಾಗಬೇಕು. ಪರದೆಯ ಶಿಲ್ಕನ್ನು ನೋಡಿಕೊಂಡು ಆಮೇಲೆ ಹಣ ಎಣಿಸುವುದಲ್ಲ, ಮೊದಲು ಎಣಿಸಿ ಬರೆದಿಟ್ಟು ಆಮೇಲೆ ಪರದೆ ನೋಡಬೇಕು.

ಗೊಬ್ಬರದ ಗೋದಾಮಿನಲ್ಲಿ ಕೂರುವ ಹುಡುಗನನ್ನು ಯಾರೂ ಗಣಕದ ಕೆಲಸಗಾರ ಅಂತ ಕರೆಯುವುದಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಸಂಘದಲ್ಲಿ ಅತಿ ಕಷ್ಟದ ಯಂತ್ರ ಅವನ ಕೈಲಿದೆ. 2018ರಿಂದ ದೇಶದಲ್ಲೆಲ್ಲ ಸಬ್ಸಿಡಿ ಗೊಬ್ಬರವನ್ನು ಪಿ.ಓ.ಎಸ್. ಯಂತ್ರದಲ್ಲಿ ಆಧಾರ್ ನೋಡಿ ಮಾರಬೇಕೆಂಬ ಕ್ರಮ ಬಂತು. ಗೊಬ್ಬರ ರೈತನ ಕೈಗೆ ಮಾರಾಟವಾಯಿತು ಅಂತ ಆ ಯಂತ್ರ ಹೇಳಿದ ಮೇಲೆಯೇ ಸರ್ಕಾರ ಕಂಪನಿಗೆ ಸಬ್ಸಿಡಿ ಕೊಡುವುದು. ಮಳೆ ಹಿಡಿದಿದೆ, ಹೊರಗೆ ನಲವತ್ತು ಜನ ನಿಂತಿದ್ದಾರೆ, ಅಡಿಕೆ ಸುಲಿದು, ಹಾರೆ ಹಿಡಿದು ರೇಖೆ ಸವೆದುಹೋದ ಬೆರಳನ್ನು ಯಂತ್ರ ಒಪ್ಪುತ್ತಿಲ್ಲ. "ತಗೊಂಡ್ಹೋಗಿ ಅಣ್ಣಾ, ಆಮೇಲೆ ಹಾಕಿದರಾಯಿತು" ಅಂತ ಯೂರಿಯಾ ಚೀಲ ಎತ್ತಿಕೊಟ್ಟುಬಿಡುತ್ತಾನೆ. ಅದು ಒಳ್ಳೆಯತನವೇ, ಇಲ್ಲ ಅನ್ನುವುದಿಲ್ಲ. ಆದರೆ ಯಂತ್ರದ ಪ್ರಕಾರ ಆ ಚೀಲ ಇನ್ನೂ ಗೋದಾಮಿನಲ್ಲೇ ಇದೆ. ಹೀಗೆ ಅರವತ್ತು ಚೀಲ ಯಂತ್ರದಲ್ಲಿ ಉಳಿದರೆ, "ನಿಮ್ಮಲ್ಲಿ ದಾಸ್ತಾನು ಇದೆಯಲ್ಲ" ಅಂತ ಮುಂದಿನ ಲೋಡು ತಡವಾಗುತ್ತದೆ. ಅಷ್ಟರಲ್ಲಿ ಯಾರೋ ಆ ಅರವತ್ತು ಚೀಲವನ್ನು ಸಿಕ್ಕಿದವರ ಆಧಾರ್ ಮೇಲೆ ಏರಿಸಿ ಕೈ ತೊಳೆದುಕೊಳ್ಳುತ್ತಾರೆ. ನಿಮ್ಮ ಹೆಸರಿನಲ್ಲಿ ನೀವು ಕೊಳ್ಳದ ಚೀಲ ಬೀಳುವುದು ಹೀಗೆ. ಮನೆಗೆ ಒಯ್ದ ಚೀಲಕ್ಕೂ ರಸೀತಿಯಲ್ಲಿರುವ ಚೀಲಕ್ಕೂ ಲೆಕ್ಕ ಒಂದೇ ಇದೆಯಾ ಅಂತ ಅಲ್ಲೇ ನಿಂತು ನೋಡಿ.

ಇನ್ನು ಕಾರ್ಯದರ್ಶಿಗಳ ಕುರ್ಚಿ. ಈಗ ಅವರಿಗೆ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಅಂತ ದೊಡ್ಡ ಹೆಸರು. ಕೆಲಸ ಹಳೆಯದೇ, ಜವಾಬ್ದಾರಿ ಜಾಸ್ತಿ. ಗಣಕದ ಲೆಕ್ಕದಲ್ಲಿ ಒಂದು ನಿಯಮವಿದೆ: ಬರೆಯುವವನು ಒಬ್ಬ, ಒಪ್ಪಿಗೆ ಕೊಡುವವನು ಇನ್ನೊಬ್ಬ. ಗುಮಾಸ್ತ ಬರೆದದ್ದು ಕಾರ್ಯದರ್ಶಿ ತಮ್ಮ ಹೆಸರಿನಲ್ಲಿ ಒಳಹೋಗಿ ಒಪ್ಪುವವರೆಗೆ ಲೆಕ್ಕಕ್ಕೆ ಏರಬಾರದು. ಅದಕ್ಕಾಗಿ ಒಬ್ಬೊಬ್ಬರಿಗೂ ಬೇರೆ ಬೇರೆ ಗುಪ್ತಪದ, ಅಂದರೆ ಪಾಸ್‌ವರ್ಡು ಕೊಟ್ಟಿರುತ್ತಾರೆ. ಹಳೇ ಕಾಲದ ಸಹಿಯೇ ಇದು. ನಮ್ಮ ಹಳ್ಳಿ ಸಂಘಗಳಲ್ಲಿ ಇರುವವರೇ ಇಬ್ಬರು ಮೂವರು. ಕಾರ್ಯದರ್ಶಿ ತಾಲ್ಲೂಕಿಗೆ ಸಭೆಗೆ ಹೋದರೆ ಕೆಲಸ ನಿಲ್ಲುತ್ತದೆ. ನಿಲ್ಲಬಾರದು ಅಂತ ಪಾಸ್‌ವರ್ಡನ್ನು ಗುಮಾಸ್ತರಿಗೆ ಹೇಳಿರುತ್ತಾರೆ. ಗುಮಾಸ್ತರು ಪಿಗ್ಮಿ ಹುಡುಗನಿಗೆ ಹೇಳಿರುತ್ತಾರೆ. ಕೆಲವು ಕಡೆ ಯಂತ್ರದ ಪಕ್ಕದ ಗೋಡೆಯ ಮೇಲೆ, ಲಕ್ಷ್ಮಿಯ ಕ್ಯಾಲೆಂಡರಿನ ಕೆಳಗೆ, ಪೆನ್ಸಿಲಿನಲ್ಲಿ ಬರೆದದ್ದನ್ನೂ ನಾನು ನೋಡಿದ್ದೇನೆ. ಚೆಕ್ಕಿಗೆ ಸಹಿ ಹಾಕಿ ಗೋಡೆಗೆ ಅಂಟಿಸುತ್ತೀರಾ ಸ್ವಾಮಿ ಅಂತ ಕೇಳಿದರೆ ನಗುತ್ತಾರೆ.

ಇದರಿಂದ ಏನಾಗುತ್ತದೆ ಅಂತ ಒಂದು ಪ್ರಸಂಗ ಹೇಳುತ್ತೇನೆ. ನಾನು ಮೇಲ್ವಿಚಾರಣೆಗೆ ಹೋಗುತ್ತಿದ್ದ ಒಂದು ಸಂಘ. ಊರಿನ ಹೆಸರು ಬೇಡ. ಒಬ್ಬ ತಾಯಿ, ಗಂಡ ತೀರಿಕೊಂಡ ಮೇಲೆ ಅವನ ಸಾಲವನ್ನು ತಾನೇ ಕಟ್ಟುತ್ತಿದ್ದಳು. ಹಸು ಮಾರಿದ ಹಣ 18,400 ರೂಪಾಯಿ ತಂದು ಕಟ್ಟಿ, ರಸೀತಿ ತೆಗೆದುಕೊಂಡು ಹೋದಳು. ಐದಾರು ತಿಂಗಳಾದ ಮೇಲೆ ಗಂಡನ ಹೆಸರಿಗೆ ಸುಸ್ತಿಯ ನೋಟೀಸು ಬಂತು. ಸಂಘಕ್ಕೆ ಬಂದು ಕೇಳಿದರೆ, ಯಂತ್ರದಲ್ಲಿ ಹಣ ಕಟ್ಟಿದ ದಾಖಲೆಯೇ ಇಲ್ಲ. "ಕಂಪ್ಯೂಟರಿನಲ್ಲಿ ಇಲ್ಲ ಅಂದಮೇಲೆ ಇಲ್ಲ ಕಣಮ್ಮಾ" ಅಂದುಬಿಟ್ಟರು. ಪುಣ್ಯಕ್ಕೆ ಆಕೆ ರಸೀತಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದಳು. ಅದನ್ನು ಹಿಡಿದು ಹುಡುಕಿದಾಗ ಹಣ ಅದೇ ಹೆಸರಿನ ಇನ್ನೊಬ್ಬನ ಖಾತೆಗೆ ಹೋಗಿರುವುದು ಸಿಕ್ಕಿತು. ನಮ್ಮ ಊರುಗಳಲ್ಲಿ ಮನೆದೇವರ ಹೆಸರೇ ಮಕ್ಕಳಿಗೆ ಇಡುವುದರಿಂದ ಒಂದೇ ಬೀದಿಯಲ್ಲಿ ಮೂರು ಸಿದ್ದಯ್ಯ, ನಾಲ್ಕು ರಂಗಯ್ಯ ಇರುತ್ತಾರಲ್ಲ. ಪಟ್ಟಿಯಲ್ಲಿ ಮೇಲಿನದರ ಬದಲು ಕೆಳಗಿನದನ್ನು ಒತ್ತಿದ್ದಾರೆ, ಅಷ್ಟೆ. ಬೇಕೆಂದೇ ಮಾಡಿದ್ದಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಒಂದು ದಿನದಲ್ಲಿ ಸರಿಯಾಗುತ್ತಿತ್ತು. ಆಗಲಿಲ್ಲ. ಯಾರು ಒತ್ತಿದರು ಅಂತ ಯಂತ್ರವನ್ನು ಕೇಳಿದರೆ ಅದು ಕಾರ್ಯದರ್ಶಿಯ ಹೆಸರು ಹೇಳಿತು. ಕಾರ್ಯದರ್ಶಿ ಆ ದಿನ ಊರಿನಲ್ಲೇ ಇರಲಿಲ್ಲ. ಬರೆದವರೂ ಅವರೇ, ಒಪ್ಪಿದವರೂ ಅವರೇ ಅಂತ ದಾಖಲೆ. ಗುಮಾಸ್ತ ನಾನಲ್ಲ ಅಂದ, ಪಿಗ್ಮಿಯವನು ನಾನಲ್ಲ ಅಂದ. ಆ ಕಡೆ ಇನ್ನೊಬ್ಬ ರಂಗಯ್ಯ ತನ್ನ ಬಾಕಿ ಕಡಿಮೆ ತೋರಿಸಿದ್ದನ್ನು ನಂಬಿ ಉಳಿದದ್ದನ್ನು ಕಟ್ಟಿ ಬೇಬಾಕಿ ಪತ್ರ ತೆಗೆದುಕೊಂಡುಬಿಟ್ಟಿದ್ದ. ಅವನನ್ನು ಕರೆಸಿ, ಸಭೆ ಸೇರಿಸಿ, ಠರಾವು ಮಾಡಿ, ಲೆಕ್ಕ ತಿರುಗಿಸುವಷ್ಟರಲ್ಲಿ ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನವೂ ಆ ತಾಯಿಗೆ ಹೊಸ ಸಾಲ ಇಲ್ಲ. ಮುಂಗಾರು ಹೋಯಿತು. ಕಾರ್ಯದರ್ಶಿ ಪ್ರಾಮಾಣಿಕ ಮನುಷ್ಯ. ಆದರೂ ತಾನು ಮಾಡದ ಕೆಲಸಕ್ಕೆ ಅವರೇ ವಿವರಣೆ ಬರೆದುಕೊಡಬೇಕಾಯಿತು. ಪಾಸ್‌ವರ್ಡು ಗುಟ್ಟಾಗಿಡುವುದು ಸಿಬ್ಬಂದಿಯ ಮೇಲಿನ ಅನುಮಾನಕ್ಕಲ್ಲ, ಅವರ ಮಾನ ಕಾಯುವುದಕ್ಕೇ.

ಈ ವಿಚಾರದಲ್ಲಿ ನಮ್ಮ ಕಂದಾಯ ಇಲಾಖೆಯಿಂದ ಕಲಿಯಬೇಕಾದ್ದು ಇದೆ. ಕಂದಾಯ ಇಲಾಖೆಯನ್ನು ಹೊಗಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಬೇಡಿ. 2000ದ ಸುಮಾರಿಗೆ ಭೂಮಿ ಯೋಜನೆ ಬಂದಾಗ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದರು. ಅಲ್ಲಿಯವರೆಗೆ ಪಹಣಿ ಗ್ರಾಮಲೆಕ್ಕಿಗರ ಚೀಲದಲ್ಲಿತ್ತು. ಅವರು ಸಿಕ್ಕಾಗ ಸಿಕ್ಕಿತು, ಅವರು ಬರೆದದ್ದೇ ಬರಹ. ಭೂಮಿ ಬಂದ ಮೇಲೆ ತಾಲ್ಲೂಕು ಕಚೇರಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಅಲ್ಲೇ ಕೈಗೆ ಬರುತ್ತಿತ್ತು. ಆದರೆ ನಾನು ಹೇಳಬೇಕೆಂದಿರುವುದು ಬೇರೆ ಎರಡು ಸಂಗತಿ. ಒಂದು, ಯಂತ್ರದೊಳಗೆ ಹೋಗುವ ಅಧಿಕಾರಿ ಬರೀ ಗುಪ್ತಪದ ಹೇಳಿದರೆ ಸಾಲದು, ಬೆರಳು ಒತ್ತಬೇಕು ಅಂತ ಮಾಡಿದರು. ಬೆರಳನ್ನು ಗೋಡೆಯ ಮೇಲೆ ಬರೆದಿಡಲಾಗುವುದಿಲ್ಲ. "ನಾನು ಮಾಡಿಲ್ಲ" ಅಂತ ಆಮೇಲೆ ಹೇಳಲೂ ಆಗುವುದಿಲ್ಲ. ಖಾತೆ ಬದಲಾವಣೆಗೆ ಮೊದಲು ಬಂದವರ ಅರ್ಜಿ ಮೊದಲು ಎಂಬ ಸರತಿಯನ್ನೂ ಯಂತ್ರವೇ ಕಾಯುವ ಹಾಗೆ ಮಾಡಿದರು. ಎರಡನೆಯದು, ಪಹಣಿ ಕೊಡುವ ಕೇಂದ್ರದಲ್ಲಿ ಎರಡು ಪರದೆ ಇಟ್ಟರು. ಒಂದು ನೌಕರನ ಕಡೆಗೆ, ಇನ್ನೊಂದು ಕಿಟಕಿಯಾಚೆ ನಿಂತ ರೈತನ ಕಡೆಗೆ. ಒಳಗೆ ಏನು ಒತ್ತುತ್ತಾರೋ ಹೊರಗಿನವನಿಗೂ ಅದು ಕಾಣಬೇಕು. ಎಂಥ ಸಣ್ಣ ಏರ್ಪಾಟು ನೋಡಿ, ಎಂಥ ದೊಡ್ಡ ವಿಚಾರ!

ಭೂಮಿ ಬಂದ ಕೂಡಲೇ ಲಂಚ ನಿಂತಿತು, ತಪ್ಪು ನಿಂತಿತು ಅಂತ ನಾನು ಹೇಳುವುದಿಲ್ಲ, ಹೇಳಿದರೆ ನೀವು ನಗುತ್ತೀರಿ. ಹಳೇ ಪುಸ್ತಕದಲ್ಲಿದ್ದ ತಪ್ಪು ಹೊಸ ಯಂತ್ರಕ್ಕೂ ಹಾಗೇ ಏರಿತು. ನಮ್ಮ ಸಂಘಗಳಿಗೂ ಇದೇ ಎಚ್ಚರಿಕೆ. ಹಳೇ ಲೆಡ್ಜರಿನಿಂದ ಹೊಸ ತಂತ್ರಾಂಶಕ್ಕೆ ಬಾಕಿ ಏರಿಸುವಾಗ ಒಬ್ಬೊಬ್ಬ ಸದಸ್ಯನಿಗೂ ಅವನ ಬಾಕಿಯನ್ನು ಚೀಟಿಯಲ್ಲಿ ಬರೆದು ಕೊಟ್ಟು, ಸರಿ ಇದೆ ಅಂತ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯಬೇಕು. ಬೇಸರದ ಕೆಲಸವೇ. ಈಗ ಮಾಡದಿದ್ದರೆ ಮುಂದೆ ಹತ್ತು ವರ್ಷ ಮಾಡಬೇಕಾಗುತ್ತದೆ. ಹೆಸರು, ತಂದೆಯ ಹೆಸರು, ಮೊಬೈಲ್ ನಂಬರು ಸರಿ ಇದೆಯಾ ಅಂತಲೂ ಆಗಲೇ ನೋಡಿಕೊಳ್ಳಬಹುದು. ಮಗ ಬೆಂಗಳೂರಿಗೆ ಹೋಗುವಾಗ ಸಿಮ್ ತೆಗೆದುಕೊಂಡು ಹೋಗಿದ್ದಾನೆ, ಸಂದೇಶವೆಲ್ಲ ಅವನಿಗೆ ಹೋಗುತ್ತಿದೆ, ಇಲ್ಲಿ ಅಪ್ಪನಿಗೆ ಏನೂ ಗೊತ್ತಿಲ್ಲ, ಎಂಬ ಸಂಸಾರಗಳು ಬೇಕಾದಷ್ಟಿವೆ. ಪಹಣಿಯ 11ನೇ ಕಲಮಿನಲ್ಲಿ ಸಂಘದ ಸಾಲ ಕಾಣುತ್ತದಲ್ಲ, ಸಾಲ ತೀರಿದ ಮೇಲೆ ಅದು ತೆಗೆದುಹೋಗಿದೆಯೇ ಅಂತ ಒಂದು ಪಹಣಿ ತೆಗೆಸಿ ನೋಡಿ. ಸಂಘದ ಲೆಕ್ಕದಲ್ಲಿ ತೀರಿದ್ದು ಪಹಣಿಯಲ್ಲೂ ತೀರಬೇಕು.

ಲೆಕ್ಕ ಪರಿಶೋಧಕರು ಹಿಂದೆ ಹಸಿರು ಪೆನ್ಸಿಲು ಹಿಡಿದು ಪುಟ ಪುಟಕ್ಕೂ ಟಿಕ್ಕು ಹಾಕುತ್ತಿದ್ದರು. ಈಗ ಬಲ್ಲವರು ಬೇರೆಯದನ್ನೇ ಕೇಳುತ್ತಾರೆ: ಕಚೇರಿ ಮುಚ್ಚಿದ ಮೇಲೆ ರಾತ್ರಿ ಬರೆದ ನಮೂದು ಎಷ್ಟು, ಬರೆದು ಆಮೇಲೆ ತಿರುಗಿಸಿದ್ದು ಎಷ್ಟು, ಒಬ್ಬನೇ ಬರೆದು ಒಬ್ಬನೇ ಒಪ್ಪಿದ್ದು ಎಷ್ಟು. ಯಂತ್ರ ಇದನ್ನೆಲ್ಲ ಮರೆಯದೆ ಬರೆದಿಟ್ಟಿರುತ್ತದೆ.

ಇದೇ ಮಾತನ್ನು ನಿರ್ದೇಶಕರಿಗೂ ಹೇಳಬೇಕು. ನಿಮ್ಮಲ್ಲಿ ಅನೇಕರು "ನಮಗೆ ಕಂಪ್ಯೂಟರ್ ಬರಲ್ಲ, ಅದೆಲ್ಲ ಹುಡುಗರು ನೋಡಿಕೊಳ್ಳುತ್ತಾರೆ" ಅಂತ ಸಭೆಯಲ್ಲಿ ಕಾಫಿ ಕುಡಿದು ಸಹಿ ಹಾಕಿ ಏಳುತ್ತೀರಿ. ನಿಮಗೆ ಅದು ಬರಬೇಕಾಗಿಯೂ ಇಲ್ಲ. ಪ್ರತಿ ತಿಂಗಳ ಸಭೆಯಲ್ಲಿ ಆ ತಿಂಗಳು ತಿರುಗಿಸಿದ ನಮೂದುಗಳ ಪಟ್ಟಿ, ಯಾರು ಯಾರಿಗೆ ಯಾವ ಅಧಿಕಾರದ ಪಾಸ್‌ವರ್ಡು ಇದೆ ಎಂಬ ಪಟ್ಟಿ, ಎರಡನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೇಳಿ. ಕನ್ನಡದಲ್ಲಿ ಅಂತ ಒತ್ತಿ ಹೇಳುತ್ತೇನೆ. ನುಡಿ, ಬರಹ ತಂತ್ರಾಂಶಗಳು ಬಂದು ಎಷ್ಟೋ ವರ್ಷವಾದವು, ಯುನಿಕೋಡ್ ಬಂತು, ಈಗಂತೂ ಮೊಬೈಲಿನಲ್ಲೇ ಕನ್ನಡ ಬರೆಯುತ್ತಾರೆ. ಆದರೂ ರೈತನಿಗೆ ಕೊಡುವ ರಸೀತಿ ಎಷ್ಟೋ ಕಡೆ ಇಂಗ್ಲಿಷಿನಲ್ಲೇ ಬರುತ್ತಿದೆ. ಓದಲಾಗದ ರಸೀತಿ ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ.

ಕೊನೆಯದಾಗಿ ನಿಮ್ಮ ಸಂಘಕ್ಕೆ ನನ್ನದೊಂದು ಬಿನ್ನಹ. ಬೆಳ್ಳಿಹಬ್ಬದ ನೆನಪಿಗೆ ಕಟ್ಟಡಕ್ಕೆ ಬಣ್ಣ ಬಳಿಸಿದ್ದೀರಿ, ಹೊಸ ಕೌಂಟರು ಮಾಡಿಸಿದ್ದೀರಿ, ಬಹಳ ಚೆನ್ನಾಗಿದೆ. ಆ ಕೌಂಟರಿನ ಮೇಲೆ ಸದಸ್ಯರ ಕಡೆಗೆ ಮುಖಮಾಡಿ ಎರಡನೇ ಪರದೆ ಒಂದನ್ನು ಇಡಿ. ದೊಡ್ಡ ಖರ್ಚೇನಲ್ಲ, ಈ ಶಾಮಿಯಾನ ಮತ್ತು ಮೈಕಿನ ಬಾಡಿಗೆಯಷ್ಟಾದರೂ ಆಗಲಾರದು ಅಂತ ನನ್ನ ಅಂದಾಜು. ಹಣ ಕಟ್ಟುವವನು ತನ್ನ ಹೆಸರು, ತಂದೆಯ ಹೆಸರು, ಮೊತ್ತ, ತಾರೀಖು ನಾಲ್ಕನ್ನೂ ತಾನೇ ನೋಡಲಿ. ಓದು ಬಾರದವರಿಗೆ ಗುಮಾಸ್ತರು ಜೋರಾಗಿ ಓದಿ ಹೇಳಲಿ. ಈ ವರ್ಷದ ಮಹಾಸಭೆಯಲ್ಲಿ ಇದನ್ನು ವಿಷಯಪಟ್ಟಿಗೆ ಸೇರಿಸಬೇಕು ಅಂತ ಸದಸ್ಯರು ಯಾರಾದರೂ ಬರೆದುಕೊಟ್ಟರೆ ಅಧ್ಯಕ್ಷರು ಬೇಡ ಅನ್ನಲಾರರು.

ಊಟದ ಹೊತ್ತಾಯಿತು, ಹಿಂದಿನ ಸಾಲಿನವರು ಎದ್ದು ಎದ್ದು ನೋಡುತ್ತಿದ್ದಾರೆ. ಊಟವಾದ ಮೇಲೆ ಒಂದು ಗಂಟೆ ನಾನು ಇಲ್ಲೇ ಇರುತ್ತೇನೆ. ಪಾಸ್‌ಪುಸ್ತಕ, ರಸೀತಿ ತಂದಿರುವವರು ಬನ್ನಿ, ನಿಮ್ಮ ಗುಮಾಸ್ತರನ್ನೂ ಕೂರಿಸಿಕೊಂಡು ಯಂತ್ರದ ಲೆಕ್ಕಕ್ಕೆ ತಾಳೆ ನೋಡೋಣ.